ನಿನ್ನೆಯ ತೇವ

ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಮಳೆಯ ಮಾತು ಯುಗಾದಿಯ ದಿನ ಪಂಚಾಂಗ ಓದಿಸುವಾಗಲೇ ಮೊದಲಾಗುತ್ತದೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ಅಲ್ಲಿ ಮಕ್ಕಳೂ ಬಲ್ಲರು. ಆ ಗಾದೆ ಹುಟ್ಟಿದಂದಿನಿಂದ ಹೊಲದ ಬೆಳೆಗಳು ಬದಲಾಗಿವೆ; ಜೋಳದ ಮಗ್ಗುಲಿಗೆ ಶೇಂಗಾ, ಮೆಕ್ಕೆಜೋಳ, ಸೂರ್ಯಕಾಂತಿಗಳು ಬಂದು ಸೇರಿವೆ. 2021ರಲ್ಲಿ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ವಿಜಯನಗರ ಜಿಲ್ಲೆಯ ಪಾಲಾಯಿತು. ಬದಲಾಗದೆ ಉಳಿದುದು ಬಿತ್ತುವವನ ಕತ್ತೊಂದೇ. ಅದು ಅಂದಿನಂತೆ ಇಂದಿಗೂ ಮೇ ತಿಂಗಳ ಕೊನೆಯಲ್ಲಿ ಮೋಡವಿದ್ದ ಕಡೆಗೆ ತಾನಾಗಿ ಹೊರಳುತ್ತದೆ.

ಮಳೆ ಬೀಳುವುದು ಬೇರೆ, ಕೆರೆ ತುಂಬುವುದು ಬೇರೆ ಎಂಬುದನ್ನು ಆ ಸೀಮೆಯ ಜನಕ್ಕೆ ಯಾರೂ ಕಲಿಸಬೇಕಾದುದಿಲ್ಲ. ಚಿಕ್ಕಹಗರಿಗೆ ಅಡ್ಡಲಾಗಿ ಕಟ್ಟಿದ ಮಾಲವಿಯ ಜಲಾಶಯ ಮಳೆಗಾಲ ಬಂದು ಹೋದರೂ ತುಂಬದೆ ನಿಂತ ವರುಷಗಳು ಅವರ ನೆನಪಿನಲ್ಲಿವೆ. ಬೇಸಗೆಯಲ್ಲಿ ಬಾಯ್ಬಿಟ್ಟ ಎರೆಯ ನೆಲ ಮೊದಲ ಮಳೆಯನ್ನು ಒಂದು ಹನಿಯೂ ಹೊರಗೆ ಬಿಡದಂತೆ ಕುಡಿಯುತ್ತದೆ. ಎರಡನೆಯ ಮಳೆಗೂ ಅದರ ದಾಹ ತೀರದು. ಮೂರನೆಯದೋ ನಾಲ್ಕನೆಯದೋ ಬೆನ್ನುಬೆನ್ನಿಗೆ ಬಂದರೆ ಮಾತ್ರ ಹಳ್ಳ ಹರಿಯುತ್ತದೆ. ಅಷ್ಟೇ ಮಳೆ ವಾರಕ್ಕೊಂದರಂತೆ ಬಿಡಿಬಿಡಿಯಾಗಿ ಬಿದ್ದರೆ ಪೈರಿಗೆ ಒಳ್ಳೆಯದು, ಕೆರೆಗೆ ಏನೂ ಇಲ್ಲ.

ಅಂತಹದೊಂದು ಕೆರೆಯ ಕೆಳಗೆ ನಾಲ್ಕೆಕರೆ ಹೊಲವಿರುವ ರೈತನೊಬ್ಬನ ಮಗಳು ತಾಲ್ಲೂಕಿನ ಊರಿನಲ್ಲಿ ಶಾಲೆ ಮುಗಿಸಿ, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಸೇರಿದಳು. ಅಲ್ಲಿ ಅವಳ ಕೈಗೆ ಬಂದ ಮೊದಲ ಕೆಲಸ ನೋಡುವುದಕ್ಕೆ ಸಣ್ಣದು. ಇಷ್ಟು ಮಳೆ ಬಿದ್ದರೆ ಇಷ್ಟು ನೆಲ ಹೀರುತ್ತದೆ, ಉಳಿದುದು ಹರಿದು ಕೆರೆ ಸೇರುತ್ತದೆ ಎಂದು ಲೆಕ್ಕ ಹಾಕುವ ಹಳೆಯ ಪ್ರೋಗ್ರಾಮೊಂದು ಅಲ್ಲಿತ್ತು. ಅದು ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿತ್ತು. ಅದನ್ನು ಪೈಥಾನ್ ಎಂಬ ಈಚಿನ ಭಾಷೆಗೆ ತರಬೇಕು, ಉತ್ತರ ಬದಲಾಗಬಾರದು. ಆ ಪ್ರೋಗ್ರಾಮನ್ನು ಬರೆದ ಹಿರಿಯರು ನಿವೃತ್ತರಾಗಿ ಬಹುಕಾಲವಾಗಿತ್ತು. ಮಗಳು ಈ ಸುದ್ದಿಯನ್ನು ಮನೆಗೆ ತಿಳಿಸಿದಾಗ ತಂದೆ ಕೇಳಿದ್ದು ಒಂದೇ ಪ್ರಶ್ನೆ: “ಹಳೇದು ಸರಿ ಐತಲ್ಲವಾ, ಮತ್ಯಾಕ ಮುಟ್ಟಬೇಕು?”

ಪ್ರಶ್ನೆ ಒರಟಾದರೂ ಸಹಜವಾದುದು. ಬಲ್ಲವರೂ ಅದನ್ನು ಕೇಳುವುದುಂಟು. ಫೋರ್ಟ್ರಾನ್ 1957ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವನ ಸಂಗಡಿಗರ ಕೈಯಲ್ಲಿ ಹೊರಬಂದಿತು. ವಿಜ್ಞಾನಿಯು ತಾನು ಕಾಗದದ ಮೇಲೆ ಬರೆಯುವ ಸೂತ್ರವನ್ನು ಬಹುಮಟ್ಟಿಗೆ ಹಾಗೆಯೇ ಯಂತ್ರಕ್ಕೆ ಹೇಳುವಂತೆ ಮಾಡಿದ ಮೊದಮೊದಲಿನ ಭಾಷೆಗಳಲ್ಲಿ ಅದೊಂದು. ಆಗ ಪ್ರೋಗ್ರಾಮನ್ನು ರಟ್ಟಿನ ಚೀಟಿಗಳಲ್ಲಿ ತೂತು ಹೊಡೆದು ಬರೆಯುತ್ತಿದ್ದರು. ಒಂದು ಚೀಟಿಗೆ 80 ಕಂಬಗಳು. ಅದರಲ್ಲಿ 7ರಿಂದ 72ರ ವರೆಗೆ ಮಾತ್ರ ವಾಕ್ಯಕ್ಕೆ ಎಡೆ. ಚೀಟಿಗಳು ಕಣ್ಮರೆಯಾದ ಮೇಲೂ ಎಷ್ಟೋ ವರುಷ ಜನರು ಗಾಜಿನ ಪರದೆಯ ಮೇಲೆ ಆರು ಮನೆ ಬಿಟ್ಟು ಏಳನೆಯದರಲ್ಲಿಯೇ ಬರೆಯಲು ತೊಡಗುತ್ತಿದ್ದರು. ಬೇಲಿ ಕಿತ್ತ ಮೇಲೂ ದನಗಳು ಬೇಲಿಯಿದ್ದ ಜಾಡನ್ನೇ ಬಳಸಿಕೊಂಡು ಹೋಗುವಂತೆ! ಆ ಭಾಷೆ ಇಂದಿಗೂ ಸತ್ತಿಲ್ಲ. ಲೋಕದ ಹವಾಮಾನ ಕೇಂದ್ರಗಳಲ್ಲಿ ಅದರ ಮಾತು ಇನ್ನೂ ಕೇಳಿಬರುತ್ತಿದೆ. ಸಾಯುವುದು ಭಾಷೆಯಲ್ಲ. ಯಂತ್ರಗಳು ಸಾಯುತ್ತವೆ, ಬರೆದವರು ಮನೆಗೆ ಹೋಗುತ್ತಾರೆ, ಹೊಸದಾಗಿ ಬಂದವರಿಗೆ ಓದಲು ಬಾರದು. ಸರಿಯಾಗಿದ್ದರೂ ಯಾರೂ ಮುಟ್ಟಲು ಹೆದರುವ ಲೆಕ್ಕವು ದಿನ ಕಳೆದಂತೆ ಪೆಟ್ಟಿಗೆಯಲ್ಲಿಟ್ಟ ತಾಮ್ರಪಟದಂತಾಗುತ್ತದೆ.

ಗಣಿತವನ್ನು ಭಾಷೆಯಿಂದ ಭಾಷೆಗೆ ತರುವ ಕೆಲಸ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅದನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಆದರೆ ಮನುಷ್ಯನು ಓದುವ ಪುಸ್ತಕದಲ್ಲಿ ಒಂದು ಮಾತು ತಪ್ಪಿದರೆ ಓದುವವನು ತಿದ್ದಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಸೌಜನ್ಯವಿಲ್ಲ. ತಪ್ಪನ್ನೂ ಅದು ಒಪ್ಪಿನಷ್ಟೇ ಶ್ರದ್ಧೆಯಿಂದ ನಡೆಸಿಕೊಡುತ್ತದೆ.

ಈ ಕೆಲಸ ಬೆಂಗಳೂರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಒಮ್ಮೆ ನಡೆದುದುಂಟು. ಆ ಕಥೆಯನ್ನು ಸಂಸ್ಥೆಯ ಹಿರಿಯರು ಅವಳಿಗೆ ಮೊದಲ ವಾರದಲ್ಲಿಯೇ ಹೇಳಿದರು. 1987ರ ಬರ ದೇಶವನ್ನೆಲ್ಲ ನಡುಗಿಸಿತು. ಮರುವರುಷ, 1988ರಲ್ಲಿ, ಕರ್ನಾಟಕ ಸರಕಾರವು ಬರದ ಮೇಲೆ ಕಣ್ಣಿಡುವುದಕ್ಕಾಗಿ ಒಂದು ಘಟಕವನ್ನು ಮಾಡಿತು. ಅದೇ ಮುಂದೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಅದೇ ವರುಷ ಕೇಂದ್ರ ಸರಕಾರವು ದೆಹಲಿಯಲ್ಲಿ ಮಧ್ಯಮಾವಧಿಯ ಹವಾಮಾನ ಮುನ್ಸೂಚನೆಗೆಂದು ಒಂದು ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿತು. ಅದಕ್ಕೆ ಅಮೆರಿಕದಿಂದ ಕ್ರೇ ಎಂಬ ಮಹಾಗಣಕ ಬಂದಿತು. ಅದರ ಮೇಲೆ ನಡೆದ ಟಿ-80 ಎಂಬ ಮಾದರಿಯು ಭೂಮಂಡಲವನ್ನು ಸುತ್ತಲೂ 256, ದಕ್ಷಿಣೋತ್ತರವಾಗಿ 128 ಬಿಂದುಗಳಾಗಿಯೂ ಎತ್ತರಕ್ಕೆ 18 ಪದರಗಳಾಗಿಯೂ ವಿಂಗಡಿಸಿಕೊಂಡು ಗಾಳಿ, ತೇವ, ಶಾಖಗಳ ಲೆಕ್ಕ ಹಾಕುತ್ತಿತ್ತು. ಬಿಂದುವಿನಿಂದ ಬಿಂದುವಿಗೆ ಸುಮಾರು 150 ಕಿಲೋಮೀಟರು. ಅದರ ಕಣ್ಣಿಗೆ ಬಳ್ಳಾರಿಯೂ ಹಗರಿಬೊಮ್ಮನಹಳ್ಳಿಯೂ ಬೇರೆ ಬೇರೆ ಊರುಗಳಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿಯೇ ಫ್ಲೋಸಾಲ್ವರ್ ಎಂಬ ಸ್ವದೇಶಿ ಗಣಕವೊಂದು ಸಿದ್ಧವಾಗಿತ್ತು; ಹಲವು ಸಣ್ಣ ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವುದು ಅದರ ಬಗೆ. ಯು. ಎನ್. ಸಿನ್ಹಾ ಅವರು ಆ ಕೆಲಸದ ಮುಂದಾಳು, ರೊದ್ದಂ ನರಸಿಂಹ ಅವರು ಆಗ ಪ್ರಯೋಗಾಲಯದ ನಿರ್ದೇಶಕರು. 1990ರ ದಶಕದಲ್ಲಿ ಟಿ-80 ಮಾದರಿಯನ್ನು ಈ ಯಂತ್ರದ ಮೇಲೆ ನಡೆಸುವ ಯತ್ನವಾಯಿತು. ಕ್ರೇ ಯಂತ್ರಕ್ಕೆಂದೇ ಹೊಲಿದ ಅಂಗಿ ಮತ್ತೊಂದು ಮೈಗೆ ಹೇಗೆ ಒಪ್ಪೀತು? ಕ್ರೇ ಯಂತ್ರವು ಒಂದು ಸಂಖ್ಯೆಗೆ 64 ಬಿಟ್ಟುಗಳ ಎಡೆ ಕೊಡುತ್ತಿದ್ದರೆ, ಬೇರೆ ಬಹಳ ಯಂತ್ರಗಳು ಅದೇ ಆಜ್ಞೆಗೆ 32 ಮಾತ್ರ ಕೊಡುತ್ತಿದ್ದುವು. ಕೊನೆಗೆ ಹಳೆಯ ಫೋರ್ಟ್ರಾನ್ 77ರಲ್ಲಿದ್ದುದನ್ನು ಫೋರ್ಟ್ರಾನ್ 90ರಲ್ಲಿ ಹೊಸದಾಗಿ ಬರೆದರು. ಹಳಗನ್ನಡದ ಕಾವ್ಯವನ್ನು ಹೊಸಗನ್ನಡದ ಗದ್ಯಕ್ಕೆ ತಂದಂತೆ ಎನ್ನಬಹುದು. ಭಾಷೆ ಒಂದೇ, ನಡೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ ಅವರೂ ಸಿನ್ಹಾ ಅವರೂ ಈ ಪುನಾರಚನೆಯ ಫಲವನ್ನು ಕುರಿತು 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮುಂದೆ ಆ ವಂಶದಲ್ಲಿ ಹುಟ್ಟಿದ ಮಾದರಿಗೆ ‘ವರ್ಷ’ ಎಂಬ ಹೆಸರಾಯಿತು. ಹೆಸರಿಡುವಾಗಲಾದರೂ ವಿಜ್ಞಾನಿಗಳು ರೈತನನ್ನು ನೆನೆದರೆಂದು ಸಂತೋಷಪಡಬೇಕು. ಇಲ್ಲಿ ಇನ್ನೊಂದು ಮಾತು. ನರಸಿಂಹ ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ವಿಜ್ಞಾನವನ್ನು ಕನ್ನಡಕ್ಕೆ ತರಲು ಶ್ರಮಿಸಿದವರು. ತಂದೆಯದೂ ಒಂದು ಬಗೆಯ ಸಾಗಣೆಯೇ ಸರಿ.

ಹಲವು ಯಂತ್ರಗಳು ಲೆಕ್ಕವನ್ನು ಹಂಚಿಕೊಂಡಾಗ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ. ನಾಲ್ಕೇ ಅಂಕಿ ಬರೆಯಬಲ್ಲ ಗುಮಾಸ್ತನೊಬ್ಬನು ಶೇಂಗಾ ಅಂಗಡಿಯಲ್ಲಿ ಕುಳಿತಿದ್ದಾನೆನ್ನೋಣ. ಅವನ ಪುಸ್ತಕದಲ್ಲಿ 1000 ಸೇರು ಇದೆ. ಐದು ಮಂದಿ ಒಬ್ಬೊಬ್ಬರಾಗಿ ಬಂದು 0.4 ಸೇರಿನಂತೆ ಹಾಕುತ್ತಾರೆ. 1000.4 ಎಂದು ಬರೆಯಲು ಅವನಿಗೆ ಎಡೆಯಿಲ್ಲ. ಪ್ರತಿಸಲವೂ 1000 ಎಂದೇ ಬರೆಯುತ್ತಾನೆ. ಐವರೂ ಹೋದ ಮೇಲೂ 1000. ಅದೇ ಐವರು ತಮ್ಮ ತಮ್ಮದನ್ನು ಹೊರಗೆ ಒಂದು ಚೀಲಕ್ಕೆ ಸುರಿದು 2 ಸೇರು ಮಾಡಿಕೊಂಡು ಬಂದರೆ ಪುಸ್ತಕದಲ್ಲಿ 1002 ಆಗುತ್ತದೆ. ಗುಮಾಸ್ತನು ಎರಡು ಸಲವೂ ತಪ್ಪು ಮಾಡಲಿಲ್ಲ. ಕೂಡಿದ ಕ್ರಮ ಬದಲಾಯಿತು ಅಷ್ಟೆ. ಗಣಕಕ್ಕೆ ಹದಿನೈದು ಹದಿನಾರು ಅಂಕಿಗಳ ಎಡೆಯಿರಬಹುದು, ಆದರೂ ಕೊನೆಯ ಅಂಕಿಯಲ್ಲಿ ಇದೇ ಗೋಳು. ಆಕಾಶದ ಲೆಕ್ಕದಲ್ಲಿ ಕೊನೆಯ ಅಂಕಿ ಸುಮ್ಮನೆ ಕೂರುವುದಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆನ್ಸನು .506127 ಎಂಬುದನ್ನು .506 ಎಂದು ಮೊಟಕಾಗಿ ಕೊಟ್ಟಾಗ ಅವನ ಗಣಕದ ಹವಾಮಾನವು ಸ್ವಲ್ಪ ಕಾಲದಲ್ಲಿಯೇ ಗುರುತು ಸಿಕ್ಕದಷ್ಟು ಬೇರೆಯಾಯಿತು. ಆದುದರಿಂದ ಒಂದು ಭಾಷೆಯಿಂದ ಇನ್ನೊಂದಕ್ಕೆ ತಂದ ಹವಾಮಾನದ ಪ್ರೋಗ್ರಾಮು ಹತ್ತನೆಯ ದಿನ ಹಳೆಯದಕ್ಕಿಂತ ಬೇರೆಯದನ್ನು ಹೇಳಿದರೆ ಅದು ತಪ್ಪೆಂದೂ ಹೇಳುವಂತಿಲ್ಲ, ಸರಿಯೆಂದೂ ಹೇಳುವಂತಿಲ್ಲ.

ರೈತನ ಮಗಳು ಇದನ್ನೆಲ್ಲ ಓದಿಕೊಂಡು ಕೆಲಸಕ್ಕೆ ತೊಡಗಿದಳು. ಎಚ್ಚರ ವಹಿಸಬೇಕಾದ ಸಂಗತಿಗಳು ಒಂದೆರಡಲ್ಲ. ಫೋರ್ಟ್ರಾನಿನಲ್ಲಿ ಸಾಲಿನ ಮೊದಲ ಮನೆ ರೂಢಿಯಂತೆ ಒಂದನೆಯದು, ಪೈಥಾನಿನಲ್ಲಿ ಸೊನ್ನೆಯದು. ಮರೆತರೆ ಸೋಮವಾರದ ಮಳೆ ಮಂಗಳವಾರ ಬೀಳುತ್ತದೆ. ಫೋರ್ಟ್ರಾನಿನಲ್ಲಿ ಪೂರ್ಣಾಂಕ ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆ. ಈಚಿನ ಪೈಥಾನಿನಲ್ಲಿ ಅರ್ಧ. ಹಳೆಯದರಲ್ಲಿ ಐ ಮೊದಲುಗೊಂಡು ಎನ್ ವರೆಗಿನ ಅಕ್ಷರಗಳಿಂದ ಹೆಸರು ಮೊದಲಾದರೆ, ಬೇರೆ ಹೇಳದಿದ್ದ ಪಕ್ಷಕ್ಕೆ, ಅದು ಪೂರ್ಣಾಂಕವೆಂದೇ ಲೆಕ್ಕ. ಅಳತೆಗಳ ಭಯ ಬೇರೆ: 1999ರಲ್ಲಿ ಮಂಗಳನ ಕಡೆಗೆ ಹೋದ ಅಮೆರಿಕದ ನೌಕೆಯೊಂದು ಹಾಳಾದುದು ಒಂದು ಕಡೆಯವರು ಪೌಂಡಿನಲ್ಲಿ, ಇನ್ನೊಂದು ಕಡೆಯವರು ನ್ಯೂಟನ್ನಿನಲ್ಲಿ ಬಲವನ್ನು ಎಣಿಸಿದುದರಿಂದ. ಇವೆಲ್ಲವನ್ನೂ ಅವಳು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೊಂದಾಗಿ ಗೀಟು ಹಾಕಿದಳು. ಹೊಸ ಪ್ರೋಗ್ರಾಮು ಸಿದ್ಧವಾಯಿತು. ಒಂದು ದಿನದ ಮಳೆಯನ್ನು ಕೊಟ್ಟು ನೋಡಿದಳು. ಎರಡರ ಉತ್ತರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕೂಡಿಬಂದಿತು. ಬೇರೆ ಬೇರೆ ದಿನಗಳನ್ನು ಬಿಡಿಬಿಡಿಯಾಗಿ ಕೊಟ್ಟಳು, ಆಗಲೂ ಕೂಡಿತು.

ಒಂದು ಮಳೆಗಾಲವನ್ನು ಪೂರ್ತಿಯಾಗಿ ಕೊಟ್ಟಾಗ ಮಾತ್ರ ಎರಡೂ ಬೇರೆ ದಾರಿ ಹಿಡಿದುವು. ಮೃಗಶಿರದ ವರೆಗೆ ಜೊತೆಯಾಗಿ ನಡೆದುವು. ಆರಿದ್ರೆಯಿಂದಾಚೆ ಹಳೆಯದು ಕೆರೆಗೆ ನೀರು ಬಂದಿತೆನ್ನುತ್ತದೆ, ಹೊಸದು ಇಲ್ಲವೆನ್ನುತ್ತದೆ.

ಮೇಲಿನವರು ಅವಸರದಲ್ಲಿದ್ದರು. ವರದಿಗೆ ದಿನ ಗೊತ್ತಾಗಿತ್ತು. ಕೊನೆಯ ಅಂಕಿಯ ವ್ಯತ್ಯಾಸವೇ ಬೆಳೆದು ಹೀಗಾಗಿರಬೇಕೆಂದು ಒಬ್ಬರು ಹೇಳಿದರು. ಲೊರೆನ್ಸನ ಹೆಸರನ್ನೂ ತೆಗೆದರು. ಅವಳಿಗೂ ಒಂದು ರಾತ್ರಿ ಅದನ್ನು ನಂಬುವ ಆಸೆಯಾಯಿತು. ನಂಬಿದ್ದರೆ ವರದಿ ಮುಗಿಯುತ್ತಿತ್ತು. ವ್ಯತ್ಯಾಸಕ್ಕೆ ಗೌರವದ ಹೆಸರೊಂದು ದೊರೆಯುತ್ತಿತ್ತು. ಆದರೆ ಹೊಸ ಲೆಕ್ಕದಲ್ಲಿ ತಪ್ಪು ಎಂದೂ ಒಂದೇ ಕಡೆಗೆ ವಾಲುತ್ತಿತ್ತು: ನೀರು ಯಾವಾಗಲೂ ಕಡಮೆ, ಒಂದು ದಿನವಾದರೂ ಹೆಚ್ಚಲ್ಲ. ಗಾಳಿಯ ಚಂಚಲತೆ ಹೀಗೆ ಒಂದೇ ಕೈಗೆ ತೂಗುವುದಿಲ್ಲ. ಅವಳು ನಿವೃತ್ತರಾದ ಹಿರಿಯರ ಮನೆಯನ್ನು ವಿಚಾರಿಸಿಕೊಂಡು ಹೋದಳು. ಅವರು ಕನ್ನಡಕವನ್ನು ಒರೆಸಿಕೊಂಡು ಅಂಕಿಗಳನ್ನು ನೋಡಿ, “ಲೊರೆನ್ಸನ ಮಾತು ಆಕಾಶಕ್ಕಮ್ಮ, ಕೆರೆಗಲ್ಲ. ಕೆರೆಯ ಲೆಕ್ಕ ಸಾಧು ಲೆಕ್ಕ. ಅದು ಹೀಗೆ ತಪ್ಪಿದರೆ ತಪ್ಪು ನಿನ್ನದಾಗಿರಬೇಕು, ಇಲ್ಲವೇ ನನ್ನದು” ಎಂದರು. ಅಷ್ಟರಿಂದ ತಪ್ಪು ಸಿಕ್ಕಲಿಲ್ಲ. ಅದನ್ನು ಹುಡುಕಬೇಕೆಂಬುದು ಮಾತ್ರ ಗಟ್ಟಿಯಾಯಿತು.

ಮೂರು ವಾರ ಹಿಡಿಯಿತು. ಕಡೆಗೆ ಅವಳು ಎರಡು ಪ್ರೋಗ್ರಾಮುಗಳಿಂದಲೂ ದಿನದಿನದ ನೆಲದ ತೇವವನ್ನು ಅಚ್ಚು ಹಾಕಿಸಿ, ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಕೋಲಿನಿಂದ ಸಾಲು ತೋರಿಸಿಕೊಂಡು ಓದಿದಳು. ಹಳೆಯ ಹಾಳೆಯಲ್ಲಿ ತೇವ ಮಳೆಮಳೆಗೂ ಏರುತ್ತಿತ್ತು, ಬಿಸಿಲಿಗೆ ಮೆಲ್ಲಗೆ ಇಳಿಯುತ್ತಿತ್ತು. ಹೊಸ ಹಾಳೆಯಲ್ಲಿ ಪ್ರತಿದಿನವೂ ಬೆಳಗಾಗುವಾಗ ನೆಲ ಒಣಗಿಯೇ ಇರುತ್ತಿತ್ತು. ಹಳೆಯ ಪ್ರೋಗ್ರಾಮಿನಲ್ಲಿ, ತೇವದ ಲೆಕ್ಕ ಮಾಡುವ ಭಾಗದ ತಲೆಯಲ್ಲಿ, ಡೇಟಾ ಎಂಬ ಆಜ್ಞೆಯೊಂದಿತ್ತು: ತೇವ ಸೊನ್ನೆ ಎಂಬುದು ಅದರ ತಾತ್ಪರ್ಯ. ಅವಳು ಅದನ್ನು ಪೈಥಾನಿನಲ್ಲಿ ಅದೇ ಜಾಗದಲ್ಲಿ ತೇವ ಸೊನ್ನೆ ಎಂದೇ ಬರೆದಿದ್ದಳು. ಮಾತಿಗೆ ಮಾತು ಸರಿಯಾಗಿತ್ತು. ಆದರೆ ಫೋರ್ಟ್ರಾನಿನಲ್ಲಿ ಆ ಆಜ್ಞೆ ನಡೆಯುವುದು ಪ್ರೋಗ್ರಾಮು ಮೊದಲಾಗುವಾಗ ಒಂದೇ ಸಲ. ಆಮೇಲೆ ಆ ಭಾಗವನ್ನು ಎಷ್ಟು ಸಲ ಕರೆದರೂ ಅದು ಹಿಂದಿನ ಸಲದ ತೇವವನ್ನು ನೆನಪಿನಲ್ಲಿಟ್ಟುಕೊಂಡೇ ಬರುತ್ತದೆ. ಪೈಥಾನಿನಲ್ಲಿ ಕರೆದಾಗಲೆಲ್ಲ ಆ ಸಾಲು ಮತ್ತೆ ನಡೆಯುತ್ತದೆ, ತೇವ ಮತ್ತೆ ಸೊನ್ನೆಯಾಗುತ್ತದೆ. ಒಂದು ದಿನದ ಪರೀಕ್ಷೆಯಲ್ಲಿ ಇದು ಕಾಣುವುದು ಹೇಗೆ? ಒಂದೇ ದಿನದ ಬಾಳಿಗೆ ನಿನ್ನೆಯೆಂಬುದಿಲ್ಲ. ಮೃಗಶಿರದ ವರೆಗೆ ಕಾಣದಿದ್ದುದಕ್ಕೂ ಕಾರಣ ಅದೇ ಬಗೆಯದು. ಅಲ್ಲಿಯ ವರೆಗೆ ಎಷ್ಟು ಬಿದ್ದರೂ ನೆಲವೇ ಕುಡಿಯುತ್ತಿದ್ದುದರಿಂದ ಕೆರೆಯ ಲೆಕ್ಕ ಎರಡರಲ್ಲೂ ಸೊನ್ನೆ.

ಅಂದು ಸಂಜೆ ಅವಳು ತಂದೆಗೆ ಫೋನು ಮಾಡಿ ನಡೆದುದನ್ನು ತನಗೆ ತಿಳಿದಷ್ಟು ಸುಲಭವಾಗಿ ವಿವರಿಸಿದಳು. ಆತ ಸುಮ್ಮನೆ ಕೇಳಿ, “ನೆಲ ನಿನ್ನೇದನ್ನ ಮರಿತೈತೇನವಾ? ಅದನ್ನ ಹುಡುಕಾಕ ಮೂರು ವಾರ ಬೇಕಾತಾ?” ಎಂದು ನಕ್ಕನು. ಅವಳಿಗೆ ನಗು ಬರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಬಂದಿತು.

ಕೆಲಸ ಅಲ್ಲಿಗೆ ಮುಗಿಯಬೇಕಾಗಿತ್ತು. ತಿದ್ದಿದ ಪ್ರೋಗ್ರಾಮು ಹಳೆಯದರೊಡನೆ ಮಳೆಗಾಲದ ಉದ್ದಕ್ಕೂ ಹೆಜ್ಜೆ ತಪ್ಪದೆ ನಡೆಯಿತು. ಆದರೆ ಒಮ್ಮೆ ಅನುಮಾನದ ರುಚಿ ಕಂಡವರು ಸುಮ್ಮನಿರಲಾರರು. ಹಳೆಯದು ನಿನ್ನೆಯನ್ನು ನೆನಪಿಡುವುದು ಸರಿ, ಯಾರ ನಿನ್ನೆಯನ್ನು ಎಂದು ಅವಳಿಗೆ ಯೋಚನೆಯಾಯಿತು. ಹಳೆಯ ಪ್ರೋಗ್ರಾಮಿಗೆ ಎರಡು ಕೆರೆಗಳನ್ನು ಒಂದಾದ ಮೇಲೊಂದರಂತೆ ಕೊಟ್ಟು ನೋಡಿದಳು. ಮೊದಲ ಕೆರೆಯ ನೆಲದಲ್ಲಿ ಮಳೆಗಾಲದ ಕೊನೆಗೆ ಉಳಿದ ತೇವವೇ ಎರಡನೆಯ ಕೆರೆಯ ಮೊದಲ ದಿನದ ತೇವವಾಗಿ ಬಂದಿತು! ಮಲೆನಾಡಿನ ಕೆರೆಯನ್ನು ಮೊದಲು ಕೊಟ್ಟರೆ ಹಗರಿಬೊಮ್ಮನಹಳ್ಳಿಯ ಸೀಮೆಯ ಕೆರೆಗೆ ಮೇ ತಿಂಗಳಿನಲ್ಲಿಯೇ ನೀರು ಹರಿಯುತ್ತಿತ್ತು. ಮತ್ತೆ ಹಿರಿಯರ ಮನೆಗೆ ಹೋದಳು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾವು ಒಂದು ಸಲಕ್ಕೆ ಒಂದೇ ಕೆರೆ ಓಡಿಸುತ್ತಿದ್ದೆವಮ್ಮ. ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಬರೆಯಲಿಲ್ಲ” ಎಂದರು. ಗೊತ್ತಿದ್ದ ಎಲ್ಲರಲ್ಲಿ ಅವರೊಬ್ಬರು ಉಳಿದಿದ್ದರು. ಅವರ ಬಳಿಕ ಬಂದವರು, ಯಂತ್ರ ವೇಗವಾದುದರಿಂದ, ಹತ್ತಾರು ಕೆರೆಗಳನ್ನು ಒಂದೇ ಸಲಕ್ಕೆ ಓಡಿಸಿದುದುಂಟೋ ಇಲ್ಲವೋ ಎಂಬುದನ್ನು ಹಳೆಯ ಕಡತಗಳೇ ಹೇಳಬೇಕಾಗಿತ್ತು.

ಅವಳ ಮುಂದೆ ಎರಡು ದಾರಿಗಳಿದ್ದುವು. ಹಳೆಯದು ಹೇಗಿದೆಯೋ ಹಾಗೆ, ಅದರ ದೋಷ ಸಮೇತವಾಗಿ ತರುವುದು ಒಂದು. ಉತ್ತರ ಬದಲಾಗಬಾರದೆಂಬುದು ಅವಳಿಗೆ ಕೊಟ್ಟ ಆಜ್ಞೆ. ಕೆರೆಕೆರೆಗೂ ಅದರದೇ ತೇವವನ್ನು ಪ್ರತ್ಯೇಕವಾಗಿಡುವುದು ಇನ್ನೊಂದು. ಹಾಗೆ ಮಾಡಿದರೆ ಹಿಂದಿನ ಕೆಲವು ವರದಿಗಳ ಅಂಕಿಗಳು ಹೊಸ ಅಂಕಿಗಳೊಡನೆ ಕೂಡಲಾರವು, ಏಕೆ ಕೂಡಲಿಲ್ಲವೆಂದು ಯಾರಾದರೂ ಕೇಳುವರು. ಈ ವೃತ್ತಿಯಲ್ಲಿ ಪಳಗಿದವರು ಹೇಳುವ ಉಪಾಯವೆಂದರೆ ಎರಡನ್ನೂ ಮಾಡುವುದು, ಆದರೆ ಒಂದೇ ಸಲಕ್ಕಲ್ಲ: ಮೊದಲು ಹಳೆಯದರ ಪಡಿಯಚ್ಚನ್ನು ತೆಗೆದು ಕೂಡಿಬಂದಿತೆಂದು ತೋರಿಸುವುದು, ಆಮೇಲೆ ತಿದ್ದುವುದು, ತಿದ್ದಿದುದನ್ನು ಬೇರೆಯಾಗಿ ದಾಖಲೆ ಮಾಡುವುದು. ಸಾಗಿಸುವುದನ್ನೂ ಸುಧಾರಿಸುವುದನ್ನೂ ಬೆರೆಸಿದರೆ ಎಲ್ಲಿ ಯಾವುದು ಬದಲಾಯಿತೆಂಬುದು ಮುಂದೆ ಬ್ರಹ್ಮನಿಗೂ ತಿಳಿಯದು. ಅವಳು ಹಾಗೆಯೇ ಮಾಡಿದಳು. ಹಳೆಯ ವರದಿಗಳನ್ನು ಪರೀಕ್ಷಿಸಬೇಕೆಂದು ಒಂದು ಪುಟದ ಟಿಪ್ಪಣಿಯನ್ನೂ ಬರೆದು ಮೇಲಿನವರಿಗೆ ಕೊಟ್ಟಳು. ಅದಕ್ಕೆ ಹೊಗಳಿಕೆಯೇನೂ ಬರಲಿಲ್ಲ. ಟಿಪ್ಪಣಿಯ ಮೇಲೆ “ನೋಡಲಾಯಿತು” ಎಂದು ರುಜು ಬಿದ್ದಿತು. ತಿಂಗಳೆರಡು ಕಳೆದ ಮೇಲೆ ಹಳೆಯ ಕಡತಗಳ ಪೆಟ್ಟಿಗೆಯೊಂದು ಅವಳ ಮೇಜಿಗೆ ಬಂದಿತು.

ಪೆಟ್ಟಿಗೆಯ ಜೊತೆಯಲ್ಲಿ ಹಿರಿಯರ ಒಂದು ನೋಟು ಪುಸ್ತಕವೂ ಇತ್ತು. ಅವರೇ ಹುಡುಕಿಸಿ ಕಳುಹಿಸಿದ್ದರು. ಅದರಲ್ಲಿ ಯಾವ ಕೆರೆಯನ್ನು ಯಾವ ದಿನ ಓಡಿಸಿದರೆಂಬುದು ಸಾಲಾಗಿ, ದಿನಕ್ಕೆ ಒಂದೇ ಕೆರೆಯಂತೆ, ಶಾಯಿಯಲ್ಲಿ ಬರೆದಿತ್ತು.

ಆ ವರುಷದ ಮೇ ಕೊನೆಯಲ್ಲಿ ಅವಳು ತಮ್ಮ ಊರ ಕೆರೆಯ ಅಂಕಿಗಳನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟು, ಇನ್ನೆಷ್ಟು ಮಳೆ ಬಿದ್ದರೆ ಹಳ್ಳ ಹರಿದೀತೆಂದು ತಂದೆಗೆ ಫೋನಿನಲ್ಲಿ ತಿಳಿಸಿದಳು. ಆತ ಮಿಲಿಮೀಟರಿನ ಮಾತನ್ನು ಕೇಳಿ, ಅದು ಎಷ್ಟು ಬೆರಳಾಗುತ್ತದೆಂದು ವಿಚಾರಿಸಿದನು. ಅವಳು ಹೇಳಿದಳು. “ಹಂಗಾದ್ರ ಎರಡು ಮಳಿ” ಎಂದನು. ರಾತ್ರಿ ಹೊಲದ ಕಡೆ ಸ್ವಲ್ಪ ಹನಿದಿತ್ತಂತೆ. ಬೆಳಗ್ಗೆ ಹೋಗಿ ಮಣ್ಣು ಕೆದಕಿ ನೋಡಿ ಹೇಳುತ್ತೇನೆಂದು ಫೋನು ಇಟ್ಟನು.